ಹಂಪಣ್ಣನ ಹ್ಞೂಂ

ಹಲ್ಲಿನ ಸೆಟ್ಟನ್ನು ನೀರಿನ ಬಟ್ಟಲಿನಿಂದ ಎತ್ತಿ ಬಾಯಲ್ಲಿ ಕೂರಿಸಿಕೊಳ್ಳುವಾಗ ಹಂಪಣ್ಣ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಕೋಣೆಯಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ಇದ್ದರೆ ಹೆಂಡತಿ ಪಾರ್ವತೆಮ್ಮ, ಅವಳಿಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ. ಆದರೂ ಮುಖ ತಾನಾಗಿಯೇ ಗೋಡೆಗೆ ತಿರುಗುತ್ತಿತ್ತು. ಇವತ್ತು ಶನಿವಾರ. ಸೆಟ್ಟು ವಸಡಿಗೆ ಕೂರುವಾಗ ‘ಟಕ್’ ಎಂದದ್ದು ಓಣಿಗೆಲ್ಲ ಕೇಳಿಸಿತೇನೋ ಅನ್ನಿಸಿತು. ಈ ದರಿದ್ರ ಟಕ್ ಎನ್ನುವುದೇ ರಹಿಮಾನನ ಅನ್ನ ಕಿತ್ತುಕೊಂಡದ್ದು ಎಂದುಕೊಂಡ, ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಕೆ ಬಂತು. ಪ್ಲಾಸ್ಟಿಕ್ಕಿನ ಹಲ್ಲು ಯಾರ ಅನ್ನ ಕಿತ್ತುಕೊಂಡೀತು? ಹ್ಞೂಂ ಅಂದದ್ದು ಹಲ್ಲಲ್ಲ, ತಾನು. ನಿನ್ನೆ ಸಂಜೆ ರಹಿಮಾನನ ಹೆಂಡತಿ ಕರೀಮಾಬಿ ಬಂದು ಇದೇ ಹೊಸ್ತಿಲ ಹತ್ತಿರ ಕುಳಿತು ಹೋಗಿದ್ದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಹದಿನೆಂಟು ವರ್ಷ ಮಿಲ್ಲಿನ ಡ್ರೈಯರಿನ ಬಿಸಿಯ ಮುಂದೆ ನಿಂತ ಗಂಡನನ್ನು ಸೌಕಾರ ಹತ್ತು ದಿನ ತೌಡಿನ ಚೀಲ ತುಂಬಲು ಹಾಕಿದ್ದ, ಈಗ ಶನಿವಾರದ ಮೇಲೆ ಬರಬೇಡ ಎಂದಿದ್ದಾನೆ ಎಂದಳು. ಭತ್ತ ಕೆಡಿಸಿದವ ಎಂಬ ಹೆಸರು ಒಂದು ಮಿಲ್ಲಿನಲ್ಲಿ ಬಂದರೆ ಸಿಂಧನೂರಿನ ಅಷ್ಟೂ ಮಿಲ್ಲಿಗೆ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತದೆ ಎಂದಳು. ಅವಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ.

“ನೀವು ಒಂದ ಮಾತು ಅಂದ್ರ ಸಾಕು ಕಾಕಾ. ನಿಮ್ಮ ಮಾತು ಸೌಕಾರ ದಾಟೂದಿಲ್ಲ.”

ನೋಡೋಣವ್ವ ಎಂದಿದ್ದ ಹಂಪಣ್ಣ. ಆ ‘ನೋಡೋಣ’ದಲ್ಲಿ ಸೆಟ್ಟು ಒಂದು ಕೂದಲೆಳೆಯಷ್ಟು ಸರಿದು ಮಾತು ತೊದಲಿತು, ಕರೀಮಾಬಿ ಅದನ್ನು ಮುದುಕನ ಕರುಳು ಚುರ್ರೆಂದದ್ದು ಎಂದು ತಿಳಿದು ಕಣ್ಣು ತಗ್ಗಿಸಿದಳು. ಅವಳು ಹೋದ ಮೇಲೆ ಪಾರ್ವತೆಮ್ಮ ರೊಟ್ಟಿ ಬಡಿಯುತ್ತ, ಗಂಡನಿಗಲ್ಲ, ಹಂಚಿಗೆ ಹೇಳಿದಂತೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದಳು. ಬೆಳಿಗ್ಗೆ ಹಾಲಲ್ಲಿ ಮುರಿದು ನೆನೆಸಿದ ರೊಟ್ಟಿಯ ಬಟ್ಟಲನ್ನು ಅವನ ಮುಂದಿಟ್ಟು, ಇವತ್ತರ ಹೇಳತೀರೇನು ಎಂದಷ್ಟೇ ಕೇಳಿದಳು. ಹಂಪಣ್ಣ ರೊಟ್ಟಿ ನುಂಗಿದ. ಅಗಿಯುವ ಪ್ರಶ್ನೆ ಇರಲಿಲ್ಲ.

ಗಂಗಾವತಿ ರಸ್ತೆಯ ಆ ಮಿಲ್ಲಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಫಿಟ್ಟರ್’ ಎಂದಷ್ಟೇ ಇತ್ತು. ಅವನ ಮೇಲೆ ಸೂಪರ್‌ವೈಸರ್ ಯಶೋಧರಾ, ಅವಳ ಮೇಲೆ ಸೌಕಾರ ಸಂಗನಬಸವ. ಕಾಗದದ ಮಾತು ಇಷ್ಟು. ಆದರೆ ಹೊಲದಿಂದ ಬಂದ ಹಸಿ ಭತ್ತ ಡ್ರೈಯರಿನಲ್ಲಿ ಗಿರಣಿಗೆ ಹಾಕುವಷ್ಟು ಒಣಗಿತೋ ಇಲ್ಲವೋ ಎಂದು ಹೇಳುವವನು ಮಿಲ್ಲಿನಲ್ಲಿ ಒಬ್ಬನೇ. ಡ್ರೈಯರಿನ ಬಾಯಿಂದ ಒಂದು ಹಿಡಿ ಕಾಳು ತಂದು ಹಂಪಣ್ಣನ ಅಂಗೈಗೆ ಸುರಿಯಬೇಕು. ಅವನು ಉಜ್ಜಿ, ಹೊಟ್ಟು ಊದಿ, ಮೂರು ಕಾಳನ್ನು ಒಂದಾದ ಮೇಲೊಂದು ಬಲದವಡೆಗೆ ಇಟ್ಟು ಕಡಿಯಬೇಕು. ಅಷ್ಟು ಹೊತ್ತು ಹಮಾಲರು ಚೀಲ ಎತ್ತುವುದಿಲ್ಲ. ಸೌಕಾರ ಫೋನಿನಲ್ಲಿದ್ದರೆ ‘ತಡೀರಿ’ ಎಂದು ಫೋನನ್ನು ಎದೆಗೊತ್ತಿಕೊಳ್ಳುತ್ತಾನೆ. ಯಾರು ಮಾಡಿದ ಕಾಯಿದೆ ಇದು? ಯಾರೂ ಮಾಡಲಿಲ್ಲ. ಮೂರನೆಯ ಕಾಳಿಗೆ ‘ಹ್ಞೂಂ’ ಬಂದರೆ ಡ್ರೈಯರ್ ಇಳಿಸು, ಗಿರಣಿ ಹಚ್ಚು. ‘ಊಂಹ್ಞೂಂ’ ಬಂದರೆ ಸೌಕಾರನ ಬೀಗರೇ ಲಾರಿ ತಂದು ನಿಲ್ಲಿಸಿದ್ದರೂ ಕಾಯಬೇಕು. ಮೂವತ್ತು ವರ್ಷ ಆ ದವಡೆ ಹಲ್ಲು ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಹಸಿ ಇದ್ದ ಕಾಳು ಮೆತ್ತಗೆ ತಗ್ಗು ಬೀಳುತ್ತಿತ್ತು, ಅತಿಯಾಗಿ ಒಣಗಿದ್ದು ಪುಡಿಯಾಗುತ್ತಿತ್ತು, ಹದಕ್ಕೆ ಬಂದದ್ದು ಎರಡು ಹೋಳಾಗುತ್ತಿತ್ತು. ಆ ಸುದ್ದಿ ಹಲ್ಲಿನ ಬೇರಿನಿಂದ ಕಿವಿಯ ಹಿಂದಕ್ಕೆ ಹೋಗಿ ಅಲ್ಲಿಂದ ‘ಹ್ಞೂಂ’ ಆಗಿ ಹೊರಬರುತ್ತಿತ್ತು. ಅದನ್ನು ಹೇಗೆ ಹೇಳುತ್ತೀ ಎಂದು ಯಾರಾದರೂ ಕೇಳಿದರೆ ಹಂಪಣ್ಣ ನಕ್ಕು ಸುಮ್ಮನಾಗುತ್ತಿದ್ದ. ಹೇಳಲು ಬಾರದ್ದಕ್ಕೆ ನಗುತ್ತಿದ್ದ, ಮಂದಿ ಅದನ್ನು ದೊಡ್ಡತನ ಎಂದರು. ಅವನೂ ಬೇಡ ಎನ್ನಲಿಲ್ಲ.

ಆ ಹಲ್ಲು, ಅದರ ಅಕ್ಕಪಕ್ಕದ ಹಲ್ಲುಗಳೆಲ್ಲ ಬೇಸಿಗೆಯಲ್ಲಿ ಅಲುಗಾಡಲು ಹತ್ತಿದವು. ಸಿಂಧನೂರಿನಲ್ಲಿ ಹಲ್ಲಿನ ಡಾಕ್ಟರರಿಗೇನು ಬರವೇ? ಆದರೆ ಅವರ ಬಾಗಿಲಲ್ಲಿ ಕುಳಿತವನನ್ನು ಹಮಾಲನೊಬ್ಬ ನೋಡಿದರೆ ಮುಗಿಯಿತು. ಮಸ್ಕಿಯಲ್ಲಿ ಬೀಗರಿದ್ದರು. ಹಾಗಾಗಿ ಮಸ್ಕಿಯನ್ನೂ ದಾಟಿ ಲಿಂಗಸುಗೂರಿಗೆ ಹೋದ, ಕಳ್ಳತನಕ್ಕೆ ಹೋದವನ ಹಾಗೆ ಟವೆಲನ್ನು ಮುಖಕ್ಕೆ ಸುತ್ತಿಕೊಂಡು. ಶ್ರಾವಣದಲ್ಲಿ ಮಿಲ್ಲಿಗೆ ಹಸಿ ಭತ್ತ ಬರುವುದಿಲ್ಲ, ಹಲ್ಲು ಕೀಳಿಸಿಕೊಂಡ ಬೋಳು ಬಾಯಿಯನ್ನು ಜ್ವರದ ನೆಪದಲ್ಲಿ ಮುಚ್ಚಿಟ್ಟ. ದಸರೆಗೆ ಸೆಟ್ಟು ಬಂತು. ಲಿಂಗಸುಗೂರಿನ ಡಾಕ್ಟರರ ಬೆಂಚಿನಲ್ಲಿ ಪಕ್ಕದಲ್ಲಿ ಕುಳಿತವನು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವ, ಮಾತುಗಾರ. ನೆಲದ ಕೆಳಗೆ ಕಬ್ಬಿಣದ ರಾಡಿನಿಂದ ಮೇಲಿನ ಬಂಡೆಗೆ ತಟ್ಟಿ, ಸದ್ದು ಕೇಳಿ, ಇದು ಗಟ್ಟಿ ಇದು ಸಡಿಲ ಎಂದು ಹೇಳುವವ ತನ್ನ ಪಾಳಿಯಲ್ಲಿ ತಾನೊಬ್ಬನೇ ಆಗಿದ್ದೆ ಎಂದ. ಈಗ ಒಂದು ಕಿವಿ ಮಂದವಾಗಿದೆಯಂತೆ, ತಟ್ಟುವುದು ತಾನು, ಕೇಳುವುದು ಮಗ್ಗುಲಿನವ. ನಾಚಿಕೆ ಆಗಲಿಲ್ಲವೇ ಎಂದು ಹಂಪಣ್ಣ ಕೇಳಿದಾಗ ಅವನು, ಬಂಡೆ ತಲೆಯ ಮೇಲೆ ಬೀಳುವುದಕ್ಕಿಂತ ನಾಚಿಕೆ ಹಗುರ ಎಂದು ತಂಬಾಕಿನ ಬಾಯಿಬಿಟ್ಟು ನಕ್ಕ. ಎಂಥ ಮಾನಗೇಡಿ ಇವ, ಎಂದು ಆಗ ಹಂಪಣ್ಣನಿಗೆ ಅನ್ನಿಸಿತ್ತು.

ಸುಗ್ಗಿ ಸುರುವಾಗಿ ಮೊದಲ ಹಿಡಿ ಕಾಳು ಅಂಗೈಗೆ ಬಿದ್ದ ದಿನವೇ ಗೊತ್ತಾಯಿತು, ಸೆಟ್ಟಿಗೆ ಎಲ್ಲಾ ಕಾಳೂ ಒಂದೇ. ಹಸಿ ಇರಲಿ ಒಣದಿರಲಿ, ಟಕ್. ದವಡೆಗೆ ಇಟ್ಟು ಕಡಿದರೆ ಸೆಟ್ಟು ಏಳುತ್ತಿತ್ತು, ಹಾಗಾಗಿ ಮುಂದಿನ ಹಲ್ಲಿನಿಂದ ಕಡಿದ. ಎಲ್ಲರೂ ಕಾಯುತ್ತಿದ್ದರು. ಕಣ್ಣೆತ್ತಿದಾಗ ಎದುರಿಗೆ ರಹಿಮಾನನ ಮುಖ. ಕಾಳು ತಂದು ಸುರಿದವನು ಅವನೇ, ಹದಿನೆಂಟು ವರ್ಷ ಆ ಕಾಳಿನೊಳಗೆ ಕೈ ಇಟ್ಟವ. ಅವನ ಹುಬ್ಬು ಆರಾಮಾಗಿತ್ತು. ಹಂಪಣ್ಣ ‘ಹ್ಞೂಂ’ ಎಂದ. ಅಕ್ಕಿ ಚಲೋ ಬಂತು. ಮರುದಿನ ರಹಿಮಾನನ ಹುಬ್ಬು ಗಂಟಾಗಿತ್ತು, ‘ಊಂಹ್ಞೂಂ’ ಎಂದ, ಅದೂ ಸರಿಹೋಯಿತು. ಹೀಗೆ ಹದಿನೈದು ದಿನ ಹಂಪಣ್ಣ ಕಾಳು ಕಡಿದು ರಹಿಮಾನನ ಹುಬ್ಬು ಓದಿ ಮಿಲ್ಲು ನಡೆಸಿದ. ಇದನ್ನು ಅವನು ಸ್ವತಃ ತನಗೂ ಸ್ಪಷ್ಟವಾಗಿ ಹೇಳಿಕೊಂಡಿರಲಿಲ್ಲ. ಆಮೇಲೆ ಆ ಮಂಗಳವಾರ ಬಂತು. ದಢೇಸುಗೂರಿನ ಭತ್ತ, ಹೊರಗೆ ಲಾರಿ, ಪಕ್ಕದಲ್ಲಿ ಸೌಕಾರ. ಕಾಳು ಸುರಿಯುವಾಗಲೇ ರಹಿಮಾನ ಸಣ್ಣ ದನಿಯಲ್ಲಿ, ಇನ್ನ ಎರಡು ತಾಸು ಬೇಕೇನೋ ಕಾಕಾ ಎಂದುಬಿಟ್ಟ. ತಾನು ಬಾಯಿಗೆ ಇಡುವ ಮೊದಲೇ! ಸೌಕಾರನ ಮುಂದೆ! ಹಂಪಣ್ಣ ಹೊಟ್ಟನ್ನೂ ಊದದೆ ಕಾಳು ಬಾಯಿಗೆ ತಂದ. ಮೂರು ಕಾಳು ಕಡಿದ, ಟಕ್ ಟಕ್ ಟಕ್, ಒಣಗಿದಂತೆಯೇ ಕೇಳಿಸಿತು, ಒಣಗಿದಂತೆ ಕೇಳಿಸಲಿ ಎಂದು ಬೇಡಿಕೊಂಡಿದ್ದನೇನೋ ಯಾರಿಗೆ ಗೊತ್ತು, ‘ಹ್ಞೂಂ’ ಎಂದ. ಎಂದಿಗಿಂತ ಗಟ್ಟಿಯಾಗಿ ಎಂದ. ರಹಿಮಾನನ ಸಣ್ಣ ದನಿ ಸೌಕಾರನ ಕಿವಿಗೆ ಬಿದ್ದಿರಲಿಲ್ಲ, ಈ ಹ್ಞೂಂ ಬಿತ್ತು. ಅಕ್ಕಿ ಹೊತ್ತು ಹೋದ ಆ ಲಾರಿ ಒಂದು ವಾರಕ್ಕೆ ತಿರುಗಿ ಬಂತು. ಚೀಲದೊಳಗೆ ಕೈ ಹಾಕಿದರೆ ಕಾವು, ಅಕ್ಕಿ ಹಳದಿ, ಮುಗ್ಗಲು ವಾಸನೆ. ಹಂಪಣ್ಣನ ಹಲ್ಲು ತಪ್ಪಲು ಸಾಧ್ಯವಿಲ್ಲ, ಅಂದಮೇಲೆ ಕಾಳು ತೋರಿಸಿದ್ದು ಒಂದು, ಇಳಿಸಿದ್ದು ಇನ್ನೊಂದು, ಮೇಲಿನ ಪದರದ ಒಣ ಕಾಳು ತಂದು ತೋರಿಸಿದ್ದಾನೆ ರಹಿಮಾನ, ಎಂದು ಸೌಕಾರ ಎಲ್ಲರೆದುರು ಕೂಗಾಡಿದ. ರಹಿಮಾನ ಬಾಯಿ ತೆರೆಯಲಿಲ್ಲ. ಒಮ್ಮೆ ಹಂಪಣ್ಣನ ಕಡೆ ನೋಡಿದ, ಅಷ್ಟೇ. ಹಂಪಣ್ಣ ಬಗ್ಗಿ ಒಂದು ಬೋಲ್ಟನ್ನು ಬಿಗಿ ಮಾಡಿದ, ಅದು ಮೊದಲೇ ಬಿಗಿಯಾಗಿತ್ತು.

ಇವತ್ತು ಮಿಲ್ಲಿನ ಗೇಟು ದಾಟುವಾಗ, ಮೊದಲು ಯಶೋಧರಾ ಮೇಡಮ್ಮಿಗೆ ಹೇಳಿಬಿಡುವುದು ಎಂದು ಲೆಕ್ಕ ಹಾಕಿದ. ಹೆಣ್ಣುಮಗಳು, ಕೂಗಾಡುವವಳಲ್ಲ, ಸೌಕಾರನಿಗೆ ಅವಳೇ ಮುಟ್ಟಿಸುತ್ತಾಳೆ. ಅವಳು ಮಸ್ಕಿಯವಳು, ಡಿಪ್ಲೊಮಾ ಓದಿದವಳು. ಮೂರು ವರ್ಷದ ಹಿಂದೆ ಕೆಲಸಕ್ಕೆ ಬಂದ ಹೊಸದರಲ್ಲಿ ತೇವ ಅಳೆಯುವ ಮೀಟರು ತಂದಿದ್ದಳು. ಮೀಟರು ಮೇಲೋ ಹಂಪಣ್ಣನ ಹಲ್ಲು ಮೇಲೋ ಎಂದು ಸೌಕಾರನೇ ಪಂದ್ಯ ಇಟ್ಟ. ಮೀಟರು ಒಣಗಿದೆ ಎಂದಿತು, ಹಲ್ಲು ಹಸಿ ಎಂದಿತು, ಒಂದು ಮೂಟೆ ಗಿರಣಿಗೆ ಹಾಕಿ ನೋಡಿದರೆ ಹಲ್ಲೇ ಖರೆ. ಹಮಾಲರು ಸಿಳ್ಳೆ ಹೊಡೆದರು. ಮೀಟರನ್ನು ಸರಿಯಾಗಿ ಹೊಂದಿಸಿರಲಿಲ್ಲ ಎಂದು ಅವಳು ಹೇಳುತ್ತಿದ್ದದ್ದು ಸಿಳ್ಳೆಯಲ್ಲಿ ಮುಳುಗಿಹೋಯಿತು. ಅವಳ ಕೆಂಪಾದ ಮುಖ ನೋಡಿ ಆವತ್ತು ಹಂಪಣ್ಣನಿಗೆ ಖುಷಿಯಾಗಿತ್ತು. ಆ ಖುಷಿ ಈಗ ನೆನಪಾಗಿ ವಸಡು ನೋಯಿತು.

ಅವಳು ಅವನನ್ನು ಕಂಡದ್ದೇ ಎದ್ದು ಕುರ್ಚಿ ಸರಿಸಿದಳು. ಯಾವಾಗಲೂ ಹೀಗೇ, ಮೇಲಿನವಳು ಏಳುತ್ತಾಳೆ, ಕೆಳಗಿನವ ಕೂರುತ್ತಾನೆ. ಅವನು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವಳೇ ಬಾಗಿಲು ಮುಂದೆ ಮಾಡಿ, ಕಾಕಾರ ನಿಮಗೊಂದು ಹೇಳೂದೈತಿ ಎಂದಳು. ಟೇಬಲ್ಲಿನ ಡ್ರಾಯರಿನಿಂದ ಮೀಟರು ತೆಗೆದು ಇಬ್ಬರ ನಡುವೆ ಇಟ್ಟಳು.

“ಆ ಮಂಗಳವಾರ ಇದು ತೇವ ಹದಿನೇಳು ತೋರಿಸಿತ್ತು ಕಾಕಾರ. ಹದಿಮೂರೂವರಿ ಇರಬೇಕಾಗಿತ್ತು. ನೀವು ಹ್ಞೂಂ ಅಂದ್ರಿ, ನಾ ಪುಸ್ತಕದಾಗ ಹದಿಮೂರೂವರಿ ಅಂತ ಬರದೆ. ಮೀಟರ್ ಮತ್ತ ಕೆಟ್ಟೈತಿ ಅಂದುಕೊಂಡೆ. ರಹಿಮಾನಣ್ಣನ ಮ್ಯಾಲೆ ಬಂದಿದ್ದು ನನ್ನಿಂದ.”

ಅವಳ ಕಣ್ಣಲ್ಲಿ ನೀರಿತ್ತು. ಆಗಿಂದ ತನಗೆ ಊಟ ಸೇರುತ್ತಿಲ್ಲ, ಸೌಕಾರನಿಗೆ ಹೇಳಲು ಧೈರ್ಯವಿಲ್ಲ, ನಿಮಗೆ ಹೇಳಿದರೆ ದಾರಿ ತೋರಿಸುತ್ತೀರಿ ಎಂದು ಕಾಯುತ್ತಿದ್ದೆ ಎಂದಳು. ಹಂಪಣ್ಣ ಮೀಟರನ್ನು ನೋಡಿದ. ಅಂಗೈಯಗಲದ ಡಬ್ಬಿ, ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು, ಮೂರು ವರ್ಷ ಕತ್ತಲಲ್ಲಿ ಕುಳಿತು ನಿಜ ಹೇಳಿತ್ತು. ಈ ಹುಡುಗಿ ಹದಿನೇಳು ಎಂದು ಕಣ್ಣಾರೆ ಕಂಡು, ತನ್ನ ಒಂದು ಹ್ಞೂಂಗೆ ಅದನ್ನು ಹದಿಮೂರೂವರೆ ಮಾಡಿದ್ದಾಳೆ! ಇನ್ನು ಯಾರ್ಯಾರು ಏನೇನು ಕಂಡು, ಏನೇನು ಬರೆದರೋ. ಈಗ ಹೇಳು, ತಪ್ಪು ನಿನ್ನದಲ್ಲ ತಾಯಿ, ನನ್ನ ಬಾಯಲ್ಲಿ ಹಲ್ಲಿಲ್ಲ, ಎಂದು ಒಳಗಿನಿಂದ ಯಾರೋ ನೂಕಿದರು. ಬಾಯಿ ತೆರೆದ. “ಚಿಂತಿ ಮಾಡಬ್ಯಾಡ್ರಿ,” ಎಂದ. ಅವಳು ನಿಟ್ಟುಸಿರು ಬಿಟ್ಟಳು. ಎಷ್ಟು ಸುಲಭವಾಗಿ ಸಮಾಧಾನವಾಯಿತು ಅವಳಿಗೆ, ಅವನು ಅಂದದ್ದರಿಂದ! ಹಂಪಣ್ಣ ಎದ್ದು ಹೊರಬಂದ. ತನ್ನಷ್ಟು ಹೇಡಿ ಈ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ ಎಂದುಕೊಂಡ.

ಅಂಗಳದಲ್ಲಿ ಸೌಕಾರ ಸಿಕ್ಕ. ಬಿಳಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಒಂದು ಹಿಡಿ ನುಚ್ಚು. ಹತ್ತು ದಿನದಿಂದ ನುಚ್ಚು ಜಾಸ್ತಿ ಬೀಳುತ್ತಿದೆ ಎಂದು ತೋರಿಸಿದ. ಹಂಪಣ್ಣನಿಗೆ ಅದರ ಕಾರಣ ಗೊತ್ತಿತ್ತು. ರಹಿಮಾನನ ಜಾಗಕ್ಕೆ ಬಂದ ಕನಕರಾಜನ ಮುಖದಲ್ಲಿ ಓದಲು ಏನೂ ಇರಲಿಲ್ಲ, ಪಾಪ, ಅವನು ಹೊಸಬ, ಹೇಳಿದ್ದು ಮಾಡುವವ. ಹೆದರಿಕೆಗೆ ಹಂಪಣ್ಣ ಪ್ರತಿ ಸಲ ‘ಊಂಹ್ಞೂಂ’ ಎನ್ನುತ್ತಿದ್ದ, ಕಾಳು ಅತಿಯಾಗಿ ಒಣಗಿ ಗಿರಣಿಯಲ್ಲಿ ಒಡೆಯುತ್ತಿತ್ತು. ಇದೂ ಆ ರಹಿಮಾನ ಡ್ರೈಯರ್ ಕೆಡಿಸಿಟ್ಟು ಹೋದದ್ದರ ಫಲ ಎಂದ ಸೌಕಾರ. ಹಂಪಣ್ಣನ ಕೈ ತಾನಾಗಿಯೇ ದವಡೆಗೆ ಹೋಯಿತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ. ಹೇಗೋ ಧೈರ್ಯ ಮಾಡಿ, ಸೌಕಾರ್ರ ರಹಿಮಾನನ್ನ ಬಿಡಸಬ್ಯಾಡ್ರಿ, ಅವನ ತಪ್ಪಿಲ್ಲ ಎಂದ. ಸೌಕಾರ ಅವನ ಹೆಗಲ ಮೇಲೆ ಕೈಯಿಟ್ಟ. ನೀವು ದೊಡ್ಡ ಮನಸ್ಸಿನವರು, ನಿಮ್ಮ ಮಾತು ಕೆಡಿಸಿದವನ ಪರವಾಗಿಯೇ ಮಾತಾಡುತ್ತೀರಿ, ಎಂದು ಕಣ್ಣು ಒದ್ದೆ ಮಾಡಿಕೊಂಡು ಹೋದ. ಹೇಳಿದ ಅರ್ಧ ಸತ್ಯ ಹೀಗೆ ತನಗೇ ಹಾರವಾಗಿ ಬಂದು ಬಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಹನ್ನೊಂದಕ್ಕೆ ಕನಕರಾಜ ಬಂದ, ಬೊಗಸೆ ತುಂಬ ಕಾಳು. ಆರ್.ಎಚ್. ಕ್ಯಾಂಪಿನ ರೈತರ ಭತ್ತ, ನಿನ್ನೆ ಮಧ್ಯಾಹ್ನದಿಂದ ಡ್ರೈಯರಿನಲ್ಲಿತ್ತು. ಹಮಾಲರು ಚೀಲ ಇಳಿಸಿ ನಿಂತರು. ಯಶೋಧರಾ ಪುಸ್ತಕ ಹಿಡಿದು ಬಂದಳು. ಸೌಕಾರ ಫೋನನ್ನು ಎದೆಗೊತ್ತಿಕೊಂಡ. ತೌಡಿನ ಕೋಣೆಯ ಬಾಗಿಲಲ್ಲಿ ರಹಿಮಾನ, ತಲೆಯಿಂದ ಕಾಲಿನ ತನಕ ತೌಡು ಮೆತ್ತಿಕೊಂಡು, ಬೇರೆಯವರ ಹಾಗೆಯೇ ನಿಂತಿದ್ದ. ಇವತ್ತೇ ಕೊನೆ ದಿನವಾದವನು ಇನ್ನೂ ಯಾಕೆ ನಿಲ್ಲಬೇಕು? ಅಭ್ಯಾಸ. ಹಂಪಣ್ಣ ಕಾಳು ಉಜ್ಜಿದ, ಹೊಟ್ಟು ಊದಿದ, ಒಂದು ಕಡಿದ. ಟಕ್. ಎರಡನೆಯದು, ಟಕ್. ಮೂರನೆಯದನ್ನು ತುಟಿಯ ತನಕ ತಂದ. ಬಾಗಿಲಿನ ಕಡೆ ಕಣ್ಣು ಹೋಯಿತು, ಆದರೆ ಅಷ್ಟು ದೂರಕ್ಕೆ, ಅಷ್ಟು ತೌಡಿನಡಿಯಲ್ಲಿ ಹುಬ್ಬು ಕಾಣಲಿಲ್ಲ. ಹಾಗೆ ಹುಡುಕಿದೆನಲ್ಲ ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು. ಕೆಲಸ ಕಿತ್ತುಕೊಂಡವನ ಮುಖದಿಂದಲೇ ಮತ್ತೆ ಉತ್ತರ ಕದಿಯಲು ಹೊರಟಿದ್ದೆ! ಹಟ್ಟಿಯ ಆ ತಂಬಾಕಿನ ಬಾಯಿ ನೆನಪಾಯಿತು. ಹಗುರವಂತೆ ನಾಚಿಕೆ.

ಮೂರನೆಯ ಕಾಳನ್ನು ಅವನು ಅಂಗೈಗೆ ಮರಳಿ ಹಾಕಿದ. ಎರಡು ಬೆರಳು ಬಾಯೊಳಗೆ ಹಾಕಿ ಸೆಟ್ಟು ಹೊರಗೆಳೆದ. ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಆಮೇಲೆ ಅಂಗಿಯ ಜೇಬಿಗೆ ಇಳಿಬಿಟ್ಟ. ಕೆನ್ನೆ ಒಳಕ್ಕೆ ಹೋಗಿ ಮುಖ ಮುದುಕನದಾಯಿತು. ಕನಕರಾಜ ಬೊಗಸೆಯನ್ನು ಹಿಂದೆ ಸರಿಸಿದ. ಮಾತು ಗಾಳಿಗಾಳಿಯಾಗಿ ಬಂದರೂ ಹಂಪಣ್ಣ ನಿಲ್ಲಿಸಲಿಲ್ಲ.

“ತಿರುಗಿ ಬಂದ ಲಾರಿ ನನ್ನ ಹ್ಞೂಂ, ಸೌಕಾರ್ರ. ಹಸಿ ಅಂತ ಅವ ಹೇಳಿದ್ದ. ನನಗ ತಿಳಿಯಾಂಗಿಲ್ಲ ಈಗ. ಕಾಳು ನನ್ನ ಕೂಡ ಮಾತಾಡಾಂಗಿಲ್ಲ.”

ಸೌಕಾರನ ಫೋನಿನೊಳಗೆ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಯಶೋಧರಾ ಪುಸ್ತಕವನ್ನು ಎದೆಗೆ ಅವುಚಿಕೊಂಡಳು. ಹಂಪಣ್ಣ ತೌಡಿನ ಕೋಣೆಯ ಕಡೆ ನಡೆದ, ಮುಷ್ಟಿಯ ಕಾಳನ್ನು ರಹಿಮಾನನ ಮುಂದೆ ಚಾಚಿದ. ರಹಿಮಾನ ಕೈ ನೀಡಲಿಲ್ಲ. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ, ಅದು ಹಂಪಣ್ಣನಿಗೆ ಎದೆಗೆ ನಾಟಿತು.

“ಗೊತ್ತೈತಿ ಕಾಕಾ,” ಎಂದ ರಹಿಮಾನ. “ಸುಗ್ಗಿ ಸುರುವಾದಾಗಿಂದ ನೀ ಮುಂದಿನ ಹಲ್ಲಿಲೆ ಕಡಿಯಾಕತ್ತೀದಿ.”

“ಮತ್ತ ಯಾಕ ಬಾಯಿ ಬಿಡಲಿಲ್ಲಲೇ?”

“ನೀ ಹ್ಞೂಂ ಅಂದಿದ್ದಿ.”

ಅದೇ ಪೂರ್ತಿ ಉತ್ತರ ಎಂಬಂತೆ ಹೇಳಿದ. ಹಂಪಣ್ಣ ಹಮಾಲರ ಕಡೆ ತಿರುಗಿ ನೋಡಿದ. ಒಬ್ಬೊಬ್ಬರಾಗಿ ಕಣ್ಣು ನೆಲಕ್ಕೆ ಹಾಕಿದರು. ಅಂದರೆ ಇವರಿಗೂ ಗೊತ್ತಿತ್ತು! ಲಿಂಗಸುಗೂರು, ಟವೆಲು, ಶ್ರಾವಣದ ಜ್ವರ, ಎಲ್ಲ ಯಾರಿಗಾಗಿ? ಗೊತ್ತಿದ್ದೂ ದಿನಾ ಚೀಲ ಇಳಿಸಿ ನಿಂತಿದ್ದಾರೆ, ಹಲ್ಲಿಲ್ಲದ ಬಾಯಿಯ ಮಾತಿಗೆ ಕಾಯುತ್ತ. ಅವನಿಗೆ ಅವರ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಪ್ರೀತಿ ಉಕ್ಕಿ ಬಂತು, ಯಾವುದನ್ನು ಎಲ್ಲಿ ಇಡಬೇಕೋ ತಿಳಿಯದೆ ರಹಿಮಾನನ ಕೈ ಹಿಡಿದೆಳೆದು ಕಾಳು ಸುರಿದ. ಕಡಿ, ಎಂದ.

ರಹಿಮಾನ ಸೌಕಾರನ ಕಡೆ ನೋಡಿದ. ಸೌಕಾರ ಫೋನು ಆರಿಸಿ ಜೇಬಿಗೆ ಹಾಕಿದ. ಆಮೇಲೆ ರಹಿಮಾನ ಅಂಗಿಗೆ ಕೈ ಒರೆಸಿ, ಕಾಳು ಉಜ್ಜಿ, ಹೊಟ್ಟು ಊದಿ, ಒಂದನ್ನು ಬಲದವಡೆಗೆ ಇಟ್ಟ. ಅದೇ ಕತ್ತಿನ ಓರೆ, ಅದೇ ಅರೆಗಣ್ಣು. ಹದಿನೆಂಟು ವರ್ಷ ಎದುರು ನಿಂತು ಕಲಿತದ್ದು. ಎರಡನೆಯದು ಕಡಿದ, ಮೂರನೆಯದು ಕಡಿದ. ಕಡಿದವನು ಏನೂ ಹೇಳದೆ ಕಣ್ಣೆತ್ತಿ ಹಂಪಣ್ಣನ ಮುಖ ನೋಡಿದ. ಅವನ ಹಿಂದೆಯೇ ಎಲ್ಲರ ಕಣ್ಣೂ, ಸೌಕಾರನದೂ, ಮೇಡಮ್ಮಿನದೂ, ಹಂಪಣ್ಣನ ಮುಖಕ್ಕೆ ಬಂದು ನಿಂತವು.

ಹಂಪಣ್ಣನ ಕತ್ತು ಅಲುಗಲು ಹೊರಟಿತ್ತು. ಯಾವ ಕಡೆಗೆ ಎಂದು ಅವನಿಗೂ ಗೊತ್ತಿರಲಿಲ್ಲ, ಕತ್ತಿಗೆ ಅಭ್ಯಾಸ. ಅವನು ಅಲ್ಲೇ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ, ತೌಡಿನ ಕೋಣೆಯ ಗೋಡೆಗೆ ಮುಖ ಮಾಡಿ ನಿಂತ. ಗೋಡೆಯ ಮೇಲೆ ತೌಡಿನ ಧೂಳು ಕುಳಿತಿತ್ತು. ಹೇಳಲೇ, ಹೇಳಪ್ಪ, ಎಂದು ಒಳಗೊಳಗೆ ಬೇಡಿಕೊಂಡ.

“ಊಂಹ್ಞೂಂ,” ಎಂದ ರಹಿಮಾನ. ದನಿ ಮೊದಲು ಸಣ್ಣಗಿತ್ತು, ಆಮೇಲೆ ಗಟ್ಟಿಯಾಯಿತು. “ಇನ್ನ ಎರಡು ತಾಸು ಬೇಕು.”

“ಎರಡು ತಾಸು ಅಂದ್ರ ಎರಡು ತಾಸು,” ಎಂದಿತು ಸೌಕಾರನ ದನಿ. “ಹೋಗಿ ಡ್ರೈಯರ್ ಹಚ್ಚು, ರಹಿಮಾನ. ಮೇಡಂ, ಆ ಮೀಟರ್ ಹೊರಗ ತೆಗೀರಿ.”

ಹದಿನೆಂಟು ವರ್ಷದಿಂದ ಗುರುತಿದ್ದ ಚಪ್ಪಲಿ ಸದ್ದು ಡ್ರೈಯರಿನ ಕಡೆ ಹೋಯಿತು. ಹಮಾಲರು ಚೀಲಗಳ ಮೇಲೆ ಕೂತು ಮಾತಿಗೆ ಹತ್ತಿದರು. ಗೋಡೆಗೆ ಮುಖ ಮಾಡಿದ್ದ ಹಂಪಣ್ಣನ ಬೋಳು ಬಾಯಿಗೆ, ಸರಿ ಹಾಗೇ ಆಗಲಿ ಎನ್ನುವ ಒಂದು ಹ್ಞೂಂ ಬಂದು ನಿಂತಿತು. ಅದನ್ನು ಅವನು ನುಂಗಿಕೊಂಡ. ಡ್ರೈಯರಿನ ಗಾಳಿ ಸುರುವಾಗುವ ಸದ್ದು ಕೇಳಿಸಿತು. ಹಚ್ಚಲೇ ಎಂದು ಯಾರೂ ಅವನನ್ನು ಕೇಳಿರಲಿಲ್ಲ.